ಅಕ್ಷರವಿಲ್ಲದ ಕೀಲಿಮಣೆ: ಎರಡು ಭಾಷೆ ಬರೆಯುವವರಿಗೆ

ಅಂಗಡಿಯಿಂದ ತರುವ ಲ್ಯಾಪ್‌ಟಾಪ್‌ನ ಕೀಲಿಗಳ ಮೇಲೆ ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರಗಳಷ್ಟೇ ಇರುತ್ತವೆ. ಕನ್ನಡವನ್ನೂ ಮಲಯಾಳವನ್ನೂ, ಅಥವಾ ಕನ್ನಡವನ್ನೂ ಮರಾಠಿಯನ್ನೂ ಬರೆಯಬೇಕಾದ ಗಡಿನಾಡಿನವರಿಗೆ ಅವುಗಳಿಂದ ಹೆಚ್ಚಿನ ಉಪಯೋಗವಿಲ್ಲ. ಕೆಲವರು ಸ್ಟಿಕರ್ ಅಂಟಿಸಿ ಒಂದೇ ಕೀಲಿಯ ಮೇಲೆ ಮೂರು ಲಿಪಿ ತುಂಬುತ್ತಾರೆ. ಆಮೇಲೆ ಯಾವುದೂ ಸರಿಯಾಗಿ ಕಾಣುವುದಿಲ್ಲ. ಇದಕ್ಕೆ ವಿರುದ್ಧವಾದ ದಾರಿಯೂ ಒಂದಿದೆ. ಎಲ್ಲ ಅಕ್ಷರಗಳನ್ನೂ ಮುಚ್ಚಿ ಕೀಲಿಗಳನ್ನು ಖಾಲಿ ಬಿಡುವುದು.

ಇದು ಹುಚ್ಚಾಟವಲ್ಲ. 2005ರಲ್ಲಿ ಅಮೆರಿಕದಲ್ಲಿ ಬಂದ ದಾಸ್ ಕೀಬೋರ್ಡ್‌ನ ಕೀಲಿಗಳ ಮೇಲೆ ಏನೂ ಬರೆದಿರಲಿಲ್ಲ. (ದಾಸ್ ಎಂಬುದು ಜರ್ಮನ್ ಪದ, ನಮ್ಮ ದಾಸರಿಗೂ ಅದಕ್ಕೂ ಸಂಬಂಧವಿಲ್ಲ.) ಫ್ರೇಮ್‌ವರ್ಕ್ ಎಂಬ ಕಂಪನಿ ತನ್ನ ಲ್ಯಾಪ್‌ಟಾಪಿಗೆ ಖಾಲಿ ಕೀಲಿಮಣೆಯನ್ನೂ ಒದಗಿಸಿದೆ.

ನಮಗೆ ಇದು ಒದಗುವುದು ಇನ್‌ಸ್ಕ್ರಿಪ್ಟ್ ವಿನ್ಯಾಸದಿಂದ. 1986ರಲ್ಲಿ ರೂಪುಗೊಂಡು 1991ರಲ್ಲಿ ಭಾರತೀಯ ಮಾನಕವಾದ ಈ ವಿನ್ಯಾಸದಲ್ಲಿ ಒಂದು ಧ್ವನಿಗೆ ಎಲ್ಲ ಭಾಷೆಗಳಲ್ಲೂ ಒಂದೇ ಜಾಗ. ಇಂಗ್ಲಿಷಿನ ಕೆ ಇರುವ ಕೀಲಿ ಒತ್ತಿದರೆ ಕನ್ನಡ, ತೆಲುಗು, ಮಲಯಾಳ, ಮರಾಠಿ ಯಾವುದಾದರೂ ಬರುವುದು 'ಕ'ಕಾರವೇ. ಶಿಫ್ಟ್ ಜೊತೆ ಒತ್ತಿದರೆ 'ಖ'. ಎಡಗೈಗೆ ಸ್ವರಗಳು, ಬಲಗೈಗೆ ಹೆಚ್ಚಿನ ವ್ಯಂಜನಗಳು. ಒತ್ತಕ್ಷರ ಬೇಕಾದರೆ ನಡುವೆ ಡಿ ಕೀಲಿ. ಒಮ್ಮೆ ಬೆರಳಿಗೆ ಕನ್ನಡ ಹತ್ತಿದರೆ ಅಡೋಣಿಯವರಿಗೆ ತೆಲುಗು, ಅಕ್ಕಲಕೋಟೆಯವರಿಗೆ ಮರಾಠಿ ಬಹುಪಾಲು ಬಂದಂತೆಯೇ. ಹೀಗಿರುವಾಗ ಕೀಲಿಯ ಮೇಲೆ ಯಾವ ಲಿಪಿ ಇದ್ದರೂ ಅದು ಅರ್ಧ ಸುಳ್ಳು.

ಹೊಸೂರು, ತಾಳವಾಡಿಯವರು ಸ್ವಲ್ಪ ಎಚ್ಚರ ವಹಿಸಬೇಕು. ತಮಿಳುನಾಡಿನಲ್ಲಿ ಬಳಕೆಯಲ್ಲಿರುವ ತಮಿಳ್99 ವಿನ್ಯಾಸವೇ ಬೇರೆ, ಅಲ್ಲಿ ಕೆ ಕೀಲಿಗೆ 'ಮ' ಬರುತ್ತದೆ. ತಮಿಳಿಗೂ ಇನ್‌ಸ್ಕ್ರಿಪ್ಟ್ ಆರಿಸಿಕೊಂಡರೆ ಈ ತೊಡಕಿಲ್ಲ.

ಇನ್ನು ಮಂಗಳೂರು ಸಮೀಪದ ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ, ನುಡಿ ತಂತ್ರಾಂಶದಲ್ಲಿರುವ ವಿನ್ಯಾಸ. ಅದು ಇಂಗ್ಲಿಷ್ ಅಕ್ಷರದ ಉಚ್ಚಾರವನ್ನೇ ಹಿಡಿದು ಸಾಗುತ್ತದೆ, ಆದರೆ ಕ್ಯೂ ಒತ್ತಿದರೆ 'ಟ', ಡಬ್ಲ್ಯೂ ಒತ್ತಿದರೆ 'ಡ'. ಅದನ್ನು ಈಗಷ್ಟೇ ಕಲಿಯುತ್ತಿರುವವರಿಗೆ ಇಂಗ್ಲಿಷ್ ಗುರುತುಗಳೇ ಆಸರೆ. ಅವರು ಖಾಲಿ ಕೀಲಿಯ ಗೊಡವೆಗೆ ಹೋಗದಿರುವುದು ಒಳ್ಳೆಯದು.

ಮಾಡುವುದು ಹೇಗೆ? ಮೊದಲು ಒಂದು ವಾರ ಕೈಗಳ ಮೇಲೆ ತೆಳುವಾದ ಟವೆಲ್ ಹಾಕಿಕೊಂಡು ಟೈಪ್ ಮಾಡಿ ನೋಡಿ. ಒಗ್ಗಿದರೆ ಮಾತ್ರ ಮುಂದುವರಿಯಿರಿ. ಲ್ಯಾಪ್‌ಟಾಪ್ ಆರಿಸಿ, ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಬಟ್ಟೆಯಿಂದ ಕೀಲಿಗಳ ಜಿಡ್ಡು ಒರೆಸಿ. ಒಣಗಿದ ಮೇಲೆ ಹೊಳಪಿಲ್ಲದ ತೆಳು ಕಪ್ಪು ವಿನೈಲ್ ಸ್ಟಿಕರನ್ನು ಕೀಲಿಗಿಂತ ತುಸು ಚಿಕ್ಕದಾಗಿ ಕತ್ತರಿಸಿ ಅಂಟಿಸಿ. ದಪ್ಪ ಸ್ಟಿಕರ್ ಬೇಡ, ಮುಚ್ಚಿದಾಗ ಪರದೆಗೆ ತಾಗಬಹುದು. ಎಫ್ ಮತ್ತು ಜೆ ಕೀಲಿಗಳ ಮೇಲೆ ಸಣ್ಣ ಉಬ್ಬುಗೀಟು ಇರುತ್ತದೆ. ಬೆರಳಿಗೆ ಮನೆಯ ದಾರಿ ತೋರಿಸುವುದು ಅದೇ. ಅದು ಮುಚ್ಚಿಹೋಗದಂತೆ ಸ್ಟಿಕರನ್ನು ಗೀಟಿನ ಮೇಲ್ಭಾಗಕ್ಕೇ ನಿಲ್ಲಿಸಿ.

ಉಗುರುಬಣ್ಣ ತೆಗೆಯುವ ಅಸಿಟೋನ್‌ನಿಂದ ಅಕ್ಷರ ಅಳಿಸಲು ಹೋಗಬೇಡಿ, ಪ್ಲಾಸ್ಟಿಕ್ ಕರಗುತ್ತದೆ. ಮರಳುಕಾಗದವೂ ಬೇಡ. ಕೀಲಿ ಕಿತ್ತು ಬಣ್ಣ ಬಳಿಯುವುದೂ ಅಪಾಯ. ಲ್ಯಾಪ್‌ಟಾಪ್ ಕೀಲಿಯ ಅಡಿಯ ಕತ್ತರಿಯಾಕಾರದ ಕೊಂಡಿ ಬಹಳ ನಾಜೂಕು. ಕೀಲಿಯ ಅಡಿಯಲ್ಲಿ ಬೆಳಕು ಬರುವ ಲ್ಯಾಪ್‌ಟಾಪ್ ಆದರೆ, ಕಪ್ಪು ಸ್ಟಿಕರಿನ ಮೇಲೆ ಆ ಬೆಳಕು ಕಾಣಿಸುವುದಿಲ್ಲ.

ಅಂಕಿಗಳ ಸಾಲು, ಮೇಲಿನ ಎಫ್1ರಿಂದ ಎಫ್12ರವರೆಗಿನ ಸಾಲು ಇವನ್ನು ಹಾಗೇ ಬಿಡಿ. ಬ್ಯಾಂಕಿನ ಪಾಸ್‌ವರ್ಡ್ ಹಾಕುವಾಗ ಪರದೆಯಲ್ಲಿ ಚುಕ್ಕಿಗಳಷ್ಟೇ ಕಾಣುತ್ತವೆ, ತಪ್ಪು ಒತ್ತಿದ್ದು ಗೊತ್ತಾಗುವುದಿಲ್ಲ. ಮೂರ್ನಾಲ್ಕು ಸಲ ತಪ್ಪಿದರೆ ಖಾತೆಗೇ ಬೀಗ. ಹಾಕುವ ಮೊದಲು ಭಾಷೆ ಇಂಗ್ಲಿಷಿಗೆ ಬದಲಾಗಿದೆಯೇ ನೋಡಿಕೊಳ್ಳಿ. ವಿಂಡೋಸ್ 10 ಮತ್ತು 11ರಲ್ಲಿ ವಿಂಡೋಸ್ ಕೀಲಿಯೊಂದಿಗೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ವಿಂಡೋಸ್, ಕಂಟ್ರೋಲ್, ಓ ಮೂರನ್ನೂ ಒಟ್ಟಿಗೆ ಒತ್ತಿದರೆ ಪರದೆಯ ಮೇಲೆ ಕೀಲಿಮಣೆಯ ಚಿತ್ರ ಮೂಡುತ್ತದೆ. ಮರೆತ ಅಕ್ಷರವನ್ನು ಅಲ್ಲಿ ಹುಡುಕಬಹುದು.

ಮನೆಯ ಲ್ಯಾಪ್‌ಟಾಪನ್ನು ಮಕ್ಕಳೂ ಹಿರಿಯರೂ ಬಳಸುತ್ತಿದ್ದರೆ ಅವರನ್ನು ಕೇಳದೆ ಅಂಟಿಸಬೇಡಿ. ಯುಎಸ್‌ಬಿಯಲ್ಲಿ ಜೋಡಿಸುವ ಸಾದಾ ಕೀಲಿಮಣೆಯೊಂದನ್ನು ಅವರಿಗಾಗಿ ಪಕ್ಕದಲ್ಲಿಟ್ಟರೂ ಆದೀತು.