ಬೋಪಣ್ಣ ಗೆದ್ದದ್ದು ಬರೀ ಎರಡಾ?

2025ರ ನವೆಂಬರ್ ಮೊದಲ ವಾರ ಗೋಣಿಕೊಪ್ಪದ ಹತ್ತಿರ ಗೆಳೆಯನ ಮನೆಯಲ್ಲಿದ್ದೆ. ರೋಹನ್ ಬೋಪಣ್ಣ ನಿವೃತ್ತಿ ಘೋಷಿಸಿ ಎರಡು ಮೂರು ದಿನ ಆಗಿತ್ತು. ವಾಟ್ಸ್‌ಆ್ಯಪ್ ಗ್ರೂಪುಗಳಲ್ಲೆಲ್ಲ ಅದೇ ಫೋಟೊ, ಅದೇ '43ರಲ್ಲಿ ನಂಬರ್ ಒನ್'. ಗೆಳೆಯನ ಮಾವ ವಯಸ್ಸಿನಲ್ಲಿ ಹಾಕಿ ಆಡಿ ಮಂಡಿ ಸವೆಸಿಕೊಂಡವರು. ಪೇಪರ್ ಮಡಚಿಟ್ಟು ನನ್ನ ಕಡೆ ತಿರುಗಿದರು. "ಅಲ್ಲ, ಪೇಸ್ ಗೆದ್ದದ್ದು ಹದಿನೆಂಟು ಗ್ರ್ಯಾಂಡ್‌ಸ್ಲಾಮ್. ಭೂಪತಿ ಹನ್ನೆರಡು. ನಮ್ಮವನದ್ದು ಎರಡು. ಎರಡಕ್ಕೆ ಇಷ್ಟು ಗಲಾಟೆ ಯಾಕೆ?"

ತಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ. ಬೆಂಗಳೂರಿಗೆ ಬಸ್ಸು ಹತ್ತಿದ ಮೇಲೂ ಆ ಪ್ರಶ್ನೆ ಬಿಡಲಿಲ್ಲ.

ಕೊಡಗಿನಲ್ಲಿ ಆಟ ಅಂದರೆ ಹಾಕಿ. ಬೋಪಣ್ಣ ಹುಟ್ಟಿದ್ದು 1980ರ ಮಾರ್ಚ್‌ನಲ್ಲಿ, ಬೆಂಗಳೂರಿನಲ್ಲಿ. ಅದೇ ಜುಲೈನಲ್ಲಿ ಮಾಸ್ಕೊದಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿ ಕೊಡಗಿನ ಎಂ.ಎಂ. ಸೋಮಯ್ಯ ಇದ್ದರು. 1997ರಲ್ಲಿ ಕರಡದಲ್ಲಿ 60 ಕುಟುಂಬಗಳ ತಂಡಗಳಿಂದ ಶುರುವಾದ ಕೊಡವ ಕೌಟುಂಬಿಕ ಹಾಕಿ 2024ರಲ್ಲಿ ನಾಪೋಕ್ಲುವಿಗೆ ಬರುವಷ್ಟರಲ್ಲಿ 360 ತಂಡಗಳಾಗಿತ್ತು. ಅಲ್ಲಿ ನೀವು ನಿಮಗಾಗಿ ಆಡುವುದಿಲ್ಲ, ಮನೆತನದ ಹೆಸರಿಗೆ ಆಡುತ್ತೀರಿ. ಇಂಥ ಊರಲ್ಲಿ ಮಚ್ಚಂಡ ಮನೆತನದ ಒಬ್ಬ ಕಾಫಿ ಬೆಳೆಗಾರ ತನ್ನ ಮಗ ತಂಡದ ಆಟ ಬಿಟ್ಟು ಒಬ್ಬನೇ ಆಡುವ ಆಟ ಕಲಿಯಲಿ ಅಂದುಕೊಂಡರು. ಹನ್ನೊಂದನೇ ವಯಸ್ಸಿಗೆ ಕೈಗೆ ರ‍್ಯಾಕೆಟ್ ಬಂತು. ಸರ್ವ್‌ಗೆ ಬಲ ಬರಲಿ ಅಂತ ಸೌದೆ ಒಡೆದದ್ದು, ದಮ್ಮಿಗಾಗಿ ತೋಟದೊಳಗೆ ಓಡಿದ್ದು, ಬಿರುಕುಬಿಟ್ಟ ಕೋರ್ಟುಗಳಲ್ಲಿ ಆಡಿದ್ದು, ಇದನ್ನೆಲ್ಲ ಅವರೇ ವಿದಾಯದ ಪತ್ರದಲ್ಲಿ ನೆನೆಸಿಕೊಂಡಿದ್ದಾರೆ.

ಆದರೆ ಒಂಟಿ ಆಟ ಒಲಿಯಲಿಲ್ಲ. ಸಿಂಗಲ್ಸ್‌ನಲ್ಲಿ ಅವರ ಅತ್ಯುತ್ತಮ ರ‍್ಯಾಂಕ್ 213, ಅದೂ 2007ರಲ್ಲಿ. ಹಾಗಂತ ಸಿಂಗಲ್ಸ್ ಬರುತ್ತಿರಲಿಲ್ಲ ಅಂತಲ್ಲ. 2010ರ ಸೆಪ್ಟೆಂಬರ್‌ನಲ್ಲಿ ಚೆನ್ನೈಯಲ್ಲಿ ಬ್ರೆಜಿಲ್ ವಿರುದ್ಧ ಡೇವಿಸ್ ಕಪ್ ಪಂದ್ಯ. ಭಾರತ 0-2ರಿಂದ ಹಿಂದೆ. ಡಬಲ್ಸ್ ಆಡಿದ್ದು ಪೇಸ್-ಭೂಪತಿ. ಬೋಪಣ್ಣನಿಗೆ ಸಿಕ್ಕಿದ್ದು ಸಿಂಗಲ್ಸ್. ಐದನೆಯ, ನಿರ್ಣಾಯಕ ಪಂದ್ಯದಲ್ಲಿ ರಿಕಾರ್ಡೊ ಮೆಲ್ಲೊರನ್ನು ನೇರ ಸೆಟ್‌ಗಳಲ್ಲಿ ಸೋಲಿಸಿ 3-2 ಮಾಡಿದರು.

ಅದಕ್ಕೂ ಹಿಂದಿನ ವಾರ ಅವರು ನ್ಯೂಯಾರ್ಕ್‌ನಲ್ಲಿದ್ದರು. ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ ಯುಎಸ್ ಓಪನ್ ಫೈನಲ್. ವಿಶ್ವಸಂಸ್ಥೆಯಲ್ಲಿದ್ದ ಎರಡೂ ದೇಶಗಳ ರಾಯಭಾರಿಗಳು ಒಟ್ಟಿಗೆ ಕೂತು ನೋಡಿದರು. ಬ್ರಯಾನ್ ಸೋದರರಿಗೆ ಎರಡು ಟೈಬ್ರೇಕ್‌ಗಳಲ್ಲಿ ಸೋತರು. ಇವತ್ತು ಅಂಥ ಜೋಡಿಯನ್ನು ಊಹಿಸಿಕೊಳ್ಳೋದೂ ಕಷ್ಟ. ಮತ್ತೊಂದು ಪುರುಷರ ಡಬಲ್ಸ್ ಗ್ರ್ಯಾಂಡ್‌ಸ್ಲಾಮ್ ಫೈನಲ್ ಮುಟ್ಟಲು ಅವರಿಗೆ 13 ವರ್ಷ ಬೇಕಾಯಿತು. ಅದೂ ನ್ಯೂಯಾರ್ಕ್‌ನಲ್ಲೇ, 2023ರಲ್ಲಿ. ಅಲ್ಲೂ ಸೋಲೇ.

ಈ ನಡುವಿನ ಒಂದು ಕಲೆಯನ್ನು ಈಗಿನ ಹೊಗಳಿಕೆಗಳೆಲ್ಲ ಜಾಣತನದಿಂದ ದಾಟಿಬಿಡುತ್ತವೆ. 2012ರ ಲಂಡನ್ ಒಲಿಂಪಿಕ್ಸ್‌ಗೆ ಮೊದಲು ಪೇಸ್ ಜೊತೆ ಆಡಲ್ಲ ಅಂತ ಮೊದಲು ಭೂಪತಿ, ಆಮೇಲೆ ಬೋಪಣ್ಣ ಹಟ ಹಿಡಿದರು. ಕೊನೆಗೆ ಟೆನಿಸ್ ಸಂಸ್ಥೆ ಎರಡು ಜೋಡಿ ಕಳಿಸಿತು, ಎರಡೂ ಎರಡನೇ ಸುತ್ತಿನಲ್ಲಿ ಮನೆಗೆ ಬಂದವು. ಆಮೇಲೆ ಭೂಪತಿ, ಬೋಪಣ್ಣ ಇಬ್ಬರನ್ನೂ 2014ರ ಜೂನ್‌ವರೆಗೆ ದೇಶಕ್ಕೆ ಆಡಿಸಲ್ಲ ಅಂತ ಶಿಕ್ಷೆ. ಅದಕ್ಕೆ ಕರ್ನಾಟಕ ಹೈಕೋರ್ಟ್‌ನಿಂದ ತಡೆ. ಭೂಪತಿ ಜೊತೆ ಅಭ್ಯಾಸ ಮಾಡಿ ತಯಾರಾಗಿದ್ದೆವು ಅನ್ನೋ ವಾದ ಸರಿಯೇ. ಆದರೂ ಆಯ್ಕೆಯಾದ ಜೊತೆಗಾರನನ್ನು ಬೇಡ ಅನ್ನೋದು ನನಗೆ ಇವತ್ತಿಗೂ ಸರಿಕಾಣುವುದಿಲ್ಲ. ಹಾಕಿ ನಾಡಿನ ಹುಡುಗ ಅದನ್ನು ಮಾಡಿದ್ದು ಇನ್ನೂ ಚುಚ್ಚುತ್ತದೆ. ರಿಯೊದಲ್ಲಿ ಅದೇ ಪೇಸ್ ಜೊತೆ ಆಡಿ ಮೊದಲ ಸುತ್ತಿನಲ್ಲೇ ಸೋತರು. ಸಾನಿಯಾ ಮಿರ್ಜಾ ಜೊತೆ ಮಿಶ್ರ ಡಬಲ್ಸ್‌ನಲ್ಲಿ ಸೆಮಿಫೈನಲ್‌ನ ಮೊದಲ ಸೆಟ್ ಗೆದ್ದೂ ಸೋತು, ಕಂಚಿನ ಪಂದ್ಯವನ್ನೂ ಕಳೆದುಕೊಂಡು ನಾಲ್ಕನೆಯವರಾದರು. ಒಲಿಂಪಿಕ್ ಪದಕ ಕೊನೆಗೂ ಬರಲಿಲ್ಲ. 2024ರಲ್ಲಿ ಪ್ಯಾರಿಸ್‌ನಲ್ಲಿ ಡಬಲ್ಸ್ ಚಿನ್ನ ಗೆದ್ದದ್ದು ಅವರದ್ದೇ ಜೊತೆಗಾರ ಮ್ಯಾಥ್ಯೂ ಎಬ್ಡೆನ್, ಆಸ್ಟ್ರೇಲಿಯಾದ ಪರವಾಗಿ, ಜಾನ್ ಪಿಯರ್ಸ್ ಜೊತೆ ಸೇರಿ.

ಈಗ ಆ ಎರಡಕ್ಕೆ ಬರೋಣ. 2017ರ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದದ್ದು ಗೇಬ್ರಿಯೆಲಾ ಡಬ್ರೋವ್‌ಸ್ಕಿ ಜೊತೆ, ಎರಡು ಮ್ಯಾಚ್ ಪಾಯಿಂಟ್ ಉಳಿಸಿಕೊಂಡು. ಗ್ರ್ಯಾಂಡ್‌ಸ್ಲಾಮ್ ಗೆದ್ದ ನಾಲ್ಕನೆಯ ಭಾರತೀಯ. ಇನ್ನೊಂದು 2024ರ ಜನವರಿ 27ರಂದು ಮೆಲ್ಬರ್ನ್‌ನಲ್ಲಿ, ಎಬ್ಡೆನ್ ಜೊತೆ. ಆ ನಡುವಿನ ಏಳು ವರ್ಷಗಳಲ್ಲಿ ಮಂಡಿಯ ಮೃದ್ವಸ್ಥಿ ಸವೆದುಹೋಗಿತ್ತು. 2021ರ ಆರಂಭದಲ್ಲಿ ಸಾಲು ಸಾಲು ಸೋಲು. ಕೈಹಿಡಿದದ್ದು ಅಯ್ಯಂಗಾರ್ ಯೋಗ. ಅದನ್ನು ರೂಪಿಸಿದ ಬಿ.ಕೆ.ಎಸ್. ಅಯ್ಯಂಗಾರ್ ಹುಟ್ಟಿದ್ದು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಅನ್ನೋದು ನಮ್ಮೂರ ಹೆಮ್ಮೆಗೆ ಇರಲಿ.

43ರಲ್ಲಿ ಇದು ಪವಾಡವೇನಲ್ಲ. ಡಬಲ್ಸ್‌ನಲ್ಲಿ ಕಾಯಬೇಕಾದದ್ದು ಅರ್ಧ ಅಂಗಳ. ಟೂರ್ ಪಂದ್ಯಗಳಲ್ಲಿ 2006ರಿಂದ ಡ್ಯೂಸ್ ಬಂದರೆ ಒಂದೇ ಪಾಯಿಂಟ್‌ನಲ್ಲಿ ಗೇಮ್ ಮುಗಿಯುತ್ತದೆ, ಮೂರನೇ ಸೆಟ್ ಬದಲು ಹತ್ತು ಪಾಯಿಂಟ್‌ಗಳ ಟೈಬ್ರೇಕ್. ಇದರಿಂದ ಕಾಲಿಗೆ ಬಿಡುವು, ದೊಡ್ಡ ಸರ್ವ್‌ಗೆ ಬೆಲೆ. ಸೌದೆ ಒಡೆದ ಭುಜಕ್ಕೆ ವಯಸ್ಸಾದದ್ದು ಕಾಲಿನಷ್ಟು ಬೇಗ ಗೊತ್ತಾಗಲಿಲ್ಲ. ಆದರೆ ಇಂಥ ಅನುಕೂಲ ಎಲ್ಲ ಹಿರಿಯ ಡಬಲ್ಸ್ ಆಟಗಾರರಿಗೂ ಇತ್ತು, 43ರಲ್ಲಿ ನಂಬರ್ ಒನ್ ಆದದ್ದು ಮಾತ್ರ ಇವರೊಬ್ಬರೇ.

ನನ್ನ ಲೆಕ್ಕ ಇಷ್ಟು. ಪೇಸ್, ಭೂಪತಿ ಕಪ್ ಹೆಚ್ಚು ಗೆದ್ದರು, ಅದರಲ್ಲಿ ಎರಡು ಮಾತಿಲ್ಲ. ಬೋಪಣ್ಣ ಉಳಿಸಿಹೋಗುತ್ತಿರೋದು ಒಂದು ವೃತ್ತಿಯ ದಾರಿ. ಗಾಯಗಳಿಂದ ಸಿಂಗಲ್ಸ್ ಬಿಟ್ಟ ಯೂಕಿ ಭಾಂಬ್ರಿ 2025ರಲ್ಲಿ ಯುಎಸ್ ಓಪನ್ ಡಬಲ್ಸ್ ಸೆಮಿಫೈನಲ್ ಮುಟ್ಟಿದ್ದು ಇದೇ ದಾರಿಯಲ್ಲಿ. ಇದರಲ್ಲಿ ನನಗೆ ಖುಷಿಯ ಜೊತೆ ಸ್ವಲ್ಪ ದಿಗಿಲೂ ಇದೆ. ಬೋಪಣ್ಣ ಕಪ್ ಎತ್ತಿದ ಅದೇ ಮೆಲ್ಬರ್ನ್‌ನಲ್ಲಿ ಸುಮಿತ್ ನಾಗಲ್ ಶ್ರೇಯಾಂಕಿತ ಆಟಗಾರ ಅಲೆಕ್ಸಾಂಡರ್ ಬುಬ್ಲಿಕ್‌ರನ್ನು ಸಿಂಗಲ್ಸ್‌ನಲ್ಲಿ ಸೋಲಿಸಿದ್ದರು. ಅದಕ್ಕೆ ಕೆಲವೇ ತಿಂಗಳ ಹಿಂದೆ, ಬ್ಯಾಂಕ್ ಖಾತೆಯಲ್ಲಿ 900 ಯೂರೊ ಉಳಿದಿದೆ ಅಂತ ಅದೇ ನಾಗಲ್ ಹೇಳಿಕೊಂಡಿದ್ದರು. ಡಬಲ್ಸ್ ದಾರಿ ಇಷ್ಟು ಚೆನ್ನಾಗಿ ಕಾಣುವಾಗ, ಸಿಂಗಲ್ಸ್‌ನ ಈ ಏರುದಾರಿ ಹತ್ತೋ ಹುಡುಗರು ಯಾರು?

ಬೋಪಣ್ಣ ಕೊನೆಯದಾಗಿ ಆಡಿದ್ದು ಪ್ಯಾರಿಸ್ ಮಾಸ್ಟರ್ಸ್‌ನಲ್ಲಿ, ಅದೇ ಬುಬ್ಲಿಕ್ ಜೊತೆಗಾರನಾಗಿ. ಮೊದಲ ಸುತ್ತಿನಲ್ಲೇ ಸೋತರು.

ಇದನ್ನೆಲ್ಲ ಮೊನ್ನೆ ಫೋನಿನಲ್ಲಿ ಮಾವನಿಗೆ ಒಪ್ಪಿಸಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಅದೆಲ್ಲ ಇರಲಿ, ಇನ್ನು ಅವನಿಗೆ ಬಿಡುವಲ್ವಾ? ಮುಂದಿನ ಸಲ ಮಚ್ಚಂಡ ಟೀಮಿಗೆ ಹಾಕಿ ಆಡ್ತಾನಾ ಕೇಳು" ಅಂದರು.