ಸಾವನದುರ್ಗ ಬಿದ್ದ ವರ್ಷ ಯಾವುದು?

ಮಾಗಡಿ ಸೀಮೆಯ ಸಾವನದುರ್ಗ ಕಾರ್ನ್‌ವಾಲಿಸನ ಸೈನ್ಯದ ವಶವಾದುದು 1791ರ ಡಿಸೆಂಬರ್ 21ರಂದು. ಜೋಯಿಸರ ಪಂಚಾಂಗದಂತೆ ಅದು ಶಾಲಿವಾಹನ ಶಕ 1713, ವಿರೋಧಿಕೃತ್ ಸಂವತ್ಸರ, ಹಿಜರಿ 1206. ದುರ್ಗದ ಒಡೆಯನಾದ ಟಿಪ್ಪುವಿನ ಕಚೇರಿಯಲ್ಲಾದರೋ ಮೌಲೂದಿ 1219!

ಹಿಜರಿಯದು ಶುದ್ಧ ಚಾಂದ್ರಮಾನ. ವರ್ಷಕ್ಕೆ ಸುಮಾರು ಹನ್ನೊಂದು ದಿನ ಋತುವಿನಿಂದ ಹಿಂದೆ ಜಾರುತ್ತದೆ. ಕಂದಾಯವೋ ಸುಗ್ಗಿಯನ್ನು ನಂಬಿದ್ದು. ಟಿಪ್ಪು 1787ರ ಸುಮಾರಿಗೆ ತಂದ ಮೌಲೂದಿ ಗಣನೆಯಲ್ಲಿ ಅಧಿಕಮಾಸವೂ ಇತ್ತು, ನಮ್ಮ ಅರುವತ್ತು ಸಂವತ್ಸರಗಳ ಚಕ್ರವೂ ಇತ್ತು, ಹೆಸರು ಮಾತ್ರ ಬೇರೆ. ಸಾಲದೆಂಬಂತೆ ಅಂಕೆಗಳನ್ನೂ ಬಲದಿಂದ ಎಡಕ್ಕೆ ಬರೆಯಿಸಿದ. ಫಲವೇನಾಯಿತು? ಹದಿನೇಳು ವರ್ಷ ಆಳಿದವನ ನಾಣ್ಯಗಳಲ್ಲಿ 1197ರ ವರ್ಷವೂ ಉಂಟು, 1226ರ ವರ್ಷವೂ ಉಂಟು! ಅರಿಯದವನು ದೊರೆಗೆ ಹನ್ನೆರಡು ವರ್ಷದ ಆಳ್ವಿಕೆಯನ್ನು ಹೆಚ್ಚಿಗೆ ಕೊಟ್ಟಾನು.

ಸಂವತ್ಸರದ ಹೆಸರೊಂದನ್ನೇ ನಂಬಿದರೂ ಕ್ಷೇಮವಿಲ್ಲ. ವಿರೋಧಿಕೃತ್ 1731ರಲ್ಲೂ ಬಂದಿತ್ತು, 1851ರಲ್ಲೂ ಬಂದಿತು.