ಲೂಪ್ ನಡೆಯುವಾಗ ಸಂಗ್ರಹದ ಮಾರ್ಪಾಡು

ಪಟ್ಟಿ ಮೊದಲಾದ ದತ್ತಾಂಶ ಸಂಗ್ರಹದ ಅಂಶಗಳನ್ನು ಲೂಪ್ ಮೂಲಕ ಒಂದೊಂದಾಗಿ ಪರಿಶೀಲಿಸುತ್ತಿರುವಾಗಲೇ ಅದಕ್ಕೆ ಅಂಶಗಳನ್ನು ಸೇರಿಸುವುದು ಅಥವಾ ಅದರಿಂದ ತೆಗೆಯುವುದು ಪ್ರೋಗ್ರಾಮಿಂಗ್‌ನಲ್ಲಿ ದೋಷಗಳಿಗೆ ಕಾರಣವಾಗುವ ಒಂದು ಕ್ರಮವಾಗಿದೆ. ಇದರಿಂದ ಕೆಲವು ಅಂಶಗಳು ಪರಿಶೀಲನೆಯಿಂದ ತಪ್ಪಿಹೋಗಬಹುದು ಅಥವಾ ಪ್ರೋಗ್ರಾಂ ಸ್ಥಗಿತಗೊಳ್ಳಬಹುದು.

ಉದಾಹರಣೆ

2021ರಲ್ಲಿ ಬಳ್ಳಾರಿ ಜಿಲ್ಲೆಯನ್ನು ವಿಭಜಿಸಿ ವಿಜಯನಗರ ಜಿಲ್ಲೆಯನ್ನು ರಚಿಸಲಾಯಿತು. ಹೊಸಪೇಟೆ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲೂಕುಗಳು ಹೊಸ ಜಿಲ್ಲೆಗೆ ಸೇರಿದವು. ಬಳ್ಳಾರಿಯ ಹಳೆಯ ಪಟ್ಟಿಯ ಕೊನೆಯಲ್ಲಿ ಈ ಆರು ಹೆಸರುಗಳು ಇದೇ ಅನುಕ್ರಮದಲ್ಲಿದ್ದು, ಪೈಥಾನ್ ಭಾಷೆಯ ಲೂಪ್ ಅವುಗಳನ್ನು ತೆಗೆಯುತ್ತ ಸಾಗಿತೆಂದು ಭಾವಿಸಬಹುದು. ಹೊಸಪೇಟೆಯನ್ನು ತೆಗೆದೊಡನೆ ಕೂಡ್ಲಿಗಿ ಅದರ ಸ್ಥಾನಕ್ಕೆ ಸರಿಯುತ್ತದೆ. ಲೂಪ್ ಮುಂದಿನ ಸ್ಥಾನಕ್ಕೆ ಹೋಗಿ ಕೊಟ್ಟೂರನ್ನು ಪರಿಶೀಲಿಸುತ್ತದೆ. ಹೀಗೆ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಬಳ್ಳಾರಿಯ ಪಟ್ಟಿಯಲ್ಲಿಯೇ ಉಳಿದುಬಿಡುತ್ತವೆ. ದೋಷಸೂಚನೆ ಬಾರದಿರುವುದರಿಂದ ತಪ್ಪು ಸುಲಭವಾಗಿ ಗಮನಕ್ಕೆ ಬರುವುದಿಲ್ಲ.

ಸುರಕ್ಷಿತ ವಿಧಾನಗಳು

* ಪಟ್ಟಿಯ ನಕಲಿನ ಮೇಲೆ ಲೂಪ್ ನಡೆಸಿ, ಮೂಲ ಪಟ್ಟಿಯಿಂದ ಅಂಶಗಳನ್ನು ತೆಗೆಯುವುದು. ಇದಕ್ಕೆ ಹೆಚ್ಚುವರಿ ಸ್ಮೃತಿ ಬೇಕಾಗುತ್ತದೆ.
* ಉಳಿಯಬೇಕಾದ ಅಂಶಗಳನ್ನು ಮಾತ್ರ ಆರಿಸಿ ಹೊಸ ಪಟ್ಟಿ ರಚಿಸುವುದು.
* ಸ್ಥಾನಸಂಖ್ಯೆಯನ್ನು ಅನುಸರಿಸಿ ಕೊನೆಯಿಂದ ಮೊದಲಿನತ್ತ ಸಾಗುವುದು. ಆಗ ಸ್ಥಾನ ಬದಲಿಸುವ ಅಂಶಗಳು ಈಗಾಗಲೇ ಪರಿಶೀಲನೆಗೊಂಡಿರುತ್ತವೆ.

ಇತರ ಸಂದರ್ಭಗಳು

ಪೈಥಾನ್‌ನ ಡಿಕ್ಷನರಿಯ ಗಾತ್ರ ಲೂಪ್‌ನ ನಡುವೆ ಬದಲಾದರೆ 'ರನ್‌ಟೈಮ್ ಎರರ್' ಉಂಟಾಗುತ್ತದೆ. ಜಾವಾದ 'ಅರೇಲಿಸ್ಟ್' ಇಂತಹ ಮಾರ್ಪಾಡನ್ನು ಸಾಮಾನ್ಯವಾಗಿ ಪತ್ತೆಹಚ್ಚಿ ಎಕ್ಸೆಪ್ಶನ್ ನೀಡುತ್ತದೆ. ಅಲ್ಲಿ 'ಇಟರೇಟರ್'ನ 'ರಿಮೂವ್' ವಿಧಾನವನ್ನು ಬಳಸಬಹುದು. 2014ರಲ್ಲಿ ಬಿಡುಗಡೆಯಾದ ಜಾವಾ 8ರಿಂದ 'ರಿಮೂವ್‌ಇಫ್' ವಿಧಾನವೂ ಲಭ್ಯವಿದೆ.